ಓರೆ ಅಕ್ಷರದಲ್ಲಿ ಒತ್ತು ಎಲ್ಲಿ ಕೂರಬೇಕು

"ಅಣ್ಣಾ, ಅಕ್ಷರ ನೋಡಿದ್ರೆ ಓಡ್ತಾ ಇರೋ ಹಂಗೆ ಇರ್ಬೇಕು" ಅಂದಿದ್ದರು ಕಬಡ್ಡಿ ತಂಡದ ಹುಡುಗರು. 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸ್. ದೊಡ್ಡದಾಗಿ ಎರಡೇ ಪದ: ಕಬಡ್ಡಿ ಪಂದ್ಯಾವಳಿ. ದಪ್ಪ ಫಾಂಟೊಂದನ್ನು ತೆಗೆದುಕೊಂಡು, ಕೋರೆಲ್ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ 12 ಡಿಗ್ರಿ ಬಲಕ್ಕೆ ವಾಲಿಸಿ, ಹಳದಿ ಬಣ್ಣ ತುಂಬಿ, ಸುತ್ತ ಬಿಳಿ ಔಟ್‌ಲೈನ್ ಹಾಕಿ ಪ್ರಿಂಟಿಗೆ ಕಳಿಸಿದೆ. ಬಸ್ ನಿಲ್ದಾಣದ ಎದುರು ಕಟ್ಟಿದ ಮೇಲೆ ರಸ್ತೆಯ ಈಚೆ ನಿಂತು ನೋಡಿದೆ. 'ಡ್ಡಿ'ಯ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಒಂದೇ ಮುದ್ದೆಯಾಗಿತ್ತು. 'ದ್ಯಾ' ಕೂಡ ಹಾಗೇ. ಹುಡುಗರು ಖುಷಿಯಾಗಿದ್ದರು, ಯಾರೂ ಏನೂ ಅನ್ನಲಿಲ್ಲ. ನನಗೆ ಮಾತ್ರ ಅದರ ಮುಂದೆ ಹಾದುಹೋಗುವುದೇ ಕಷ್ಟವಾಯಿತು.

ತಪ್ಪು ಎಲ್ಲಿ ಎಂದು ತಿಳಿಯಲು ಒಂದು ಸೊನ್ನೆಯನ್ನು ವಾಲಿಸಿ ಅಳೆದೆ. ಸುತ್ತಲೂ 100 ಅಳತೆಯ ಸಮದಪ್ಪದ ಬಳೆ ಅಂದುಕೊಳ್ಳಿ. 12 ಡಿಗ್ರಿ ವಾಲಿಸಿದರೆ ಬಲ ಮೇಲ್ಭಾಗ ಮತ್ತು ಎಡ ಕೆಳಭಾಗದಲ್ಲಿ ಅದು ಸುಮಾರು 111 ಆಗುತ್ತದೆ, ಎಡ ಮೇಲ್ಭಾಗ ಮತ್ತು ಬಲ ಕೆಳಭಾಗದಲ್ಲಿ 90ಕ್ಕೆ ಇಳಿಯುತ್ತದೆ. ಇಂಗ್ಲಿಷಿನ ನೆಟ್ಟನೆ ಗೆರೆಯ ಅಕ್ಷರಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ನಮ್ಮ ಅಕ್ಷರಗಳು ಹೆಚ್ಚಿನವು ದುಂಡು, ಹಾಗಾಗಿ ಪ್ರತಿ ಅಕ್ಷರಕ್ಕೂ ಒಂದು ಕಡೆ ಊತ, ಇನ್ನೊಂದು ಕಡೆ ಸೊರಗು. ಖಾಲಿ ಜಾಗಕ್ಕೂ ಇದೇ ಲೆಕ್ಕ. ಕನ್ನಡದಲ್ಲಿ ಒತ್ತಕ್ಷರ ಕೂರುವುದು ಬಲಗಡೆ ಕೆಳಗೆ, ಓರೆ ಮಾಡಿದಾಗ ಜಾಗ ಅತಿ ಹೆಚ್ಚು ಕಿರಿದಾಗುವುದೂ ಅದೇ ದಿಕ್ಕಿನಲ್ಲಿ! ದಪ್ಪ ಅಕ್ಷರದಲ್ಲಿ ಮೊದಲೇ ಇಕ್ಕಟ್ಟಾಗಿದ್ದ ಸಂದಿಗೆ ಬಿಳಿ ಔಟ್‌ಲೈನೂ ತುಂಬಿಕೊಂಡಿತು. ದೂರದಿಂದ ಬಿಳಿಗೂ ಹಳದಿಗೂ ವ್ಯತ್ಯಾಸ ತಿಳಿಯಲಿಲ್ಲ.

ಓರೆ ಅಚ್ಚಕ್ಷರದ, ಅಂದರೆ ಇಟಾಲಿಕ್‌ನ ಕಥೆ ಶುರುವಾಗುವುದು ಇಟಲಿಯ ವೆನಿಸ್‌ನಲ್ಲಿ. ಅಲ್ದುಸ್ ಮನೂಟಿಯಸ್ ಎಂಬ ಪ್ರಕಾಶಕ 1501ರಲ್ಲಿ ಪ್ರಾಚೀನ ರೋಮಿನ ಕವಿ ವರ್ಜಿಲ್‌ನ ಕಾವ್ಯವನ್ನು ಹೀಗೆ ಅಚ್ಚು ಹಾಕಿಸಿದ. ಅಚ್ಚಿನ ಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ವೇಗವಾಗಿ ಬರೆಯುವ ಕೈಬರಹವೇ ಅದಕ್ಕೆ ಮಾದರಿ, ದೊಡ್ಡಕ್ಷರಗಳು ಮಾತ್ರ ಆಗ ನೆಟ್ಟಗೇ ನಿಂತಿದ್ದವು. ಅಲ್ಲಿಂದ ಬೆಳೆದುಬಂದದ್ದರಿಂದ ಇಂಗ್ಲಿಷಿನ ಓರೆ ಅಕ್ಷರಕ್ಕೆ ತನ್ನದೇ ಆಕಾರವಿದೆ. ಕನ್ನಡ ಅಚ್ಚಿನಲ್ಲಿ ನೆಟ್ಟಗಿನ ಅಕ್ಷರಕ್ಕೆ ಅಂಥ ಓರೆ ಜೋಡಿ ಬೆಳೆಯಲಿಲ್ಲ, ಒತ್ತಿ ಹೇಳಬೇಕಾದರೆ ದಪ್ಪ ಅಕ್ಷರ ಬಳಸುತ್ತೇವೆ. ಬಲೂ ತಮ್ಮ, ಅನೇಕ್ ಕನ್ನಡದಂಥ ಒಳ್ಳೆಯ ಉಚಿತ ಫಾಂಟ್‌ಗಳಲ್ಲೂ ಹಲವು ದಪ್ಪಗಳಿವೆ, ಓರೆ ಇಲ್ಲ.

ಆದರೆ ನಮ್ಮ ಬೋರ್ಡ್ ಬರೆಯುವವರ ಕೈಯಲ್ಲಿ ಅದಿತ್ತು. ನಾನು ಕುಂಚ ಹಿಡಿಯಲು ಕಲಿತ ಹಿರಿಯರು ಲಾರಿಯ ಹಿಂದೆ ಓರೆಯಾಗಿ ಬರೆಯುವಾಗ ಮೊದಲು ಸೀಮೆಸುಣ್ಣದಲ್ಲಿ ವಾರೆಗೆರೆಗಳನ್ನು ಎಳೆಯುತ್ತಿದ್ದರು. ನೆಟ್ಟಗಿನ ಅಕ್ಷರ ಬರೆದು ಅದನ್ನು ತಳ್ಳುತ್ತಿರಲಿಲ್ಲ, ಹುಟ್ಟುವಾಗಲೇ ವಾಲಿರುವಂತೆ ಬರೆಯುತ್ತಿದ್ದರು. ಕುಂಚದ ದಪ್ಪ ಎಲ್ಲ ಕಡೆ ಒಂದೇ. "ಒತ್ತಿಗೆ ಉಸಿರಾಡೋಕೆ ಜಾಗ ಬಿಡೋ" ಎಂದು ಅವರು ಹೇಳುತ್ತಿದ್ದುದರ ಅರ್ಥ ನನಗೆ ಆದದ್ದು ಆ ಫ್ಲೆಕ್ಸ್ ನೋಡಿದ ಮೇಲೆ.

ಮರುವರ್ಷ ಅದೇ ಪಂದ್ಯಾವಳಿಗೆ ಹೊಸದಾಗಿ ಮಾಡಿದೆ. ಅನೇಕ್ ಕನ್ನಡದ ಅತಿ ದಪ್ಪ ರೂಪದಲ್ಲಿ ಪದ ಟೈಪಿಸಿ ಕರ್ವ್ ಮಾಡಿಕೊಂಡೆ, ಅಂದರೆ ಅಕ್ಷರವನ್ನು ತಿದ್ದಬಹುದಾದ ಗೆರೆಗಳಾಗಿ ಬದಲಿಸಿಕೊಂಡೆ. ಓರೆಯನ್ನು 10 ಡಿಗ್ರಿಗೆ ಇಳಿಸಿದೆ. ಆಮೇಲೆ ನಿಜವಾದ ಕೆಲಸ. ಆ ಗೆರೆಯ ಮೇಲಿನ ಚುಕ್ಕೆಗಳನ್ನು, ಅಂದರೆ ನೋಡ್‌ಗಳನ್ನು, ಒಂದೊಂದಾಗಿ ಹಿಡಿದು ಊದಿದ ಕಡೆ ಕರಗಿಸಿ, ಸೊರಗಿದ ಕಡೆ ತುಂಬಿದೆ. 'ಬ'ದ ಹೊಟ್ಟೆಗೇ ಅರ್ಧ ಗಂಟೆ ಹಿಡಿಯಿತು. ಕ, ಪ, ವ ಅಕ್ಷರಗಳ ತಲೆಕಟ್ಟಿನ ಬಾಲ ಬಲಕ್ಕೆ ಏರುವುದರಿಂದ ಉದ್ದವೂ ತೆಳುವೂ ಆಗಿತ್ತು. ಅದನ್ನು ಮೊಟಕಾಗಿ ಕತ್ತರಿಸಿ ದಪ್ಪ ಮಾಡಿದೆ. ಡ ಒತ್ತನ್ನು ಅಳತೆಯಲ್ಲಿ ಸ್ವಲ್ಪ ಚಿಕ್ಕದು ಮಾಡಿ, ಬಲಕ್ಕೂ ಕೆಳಕ್ಕೂ ಸರಿಸಿದೆ. ಯ ಒತ್ತಿನ ಬಾಲವನ್ನು ದೀರ್ಘದ ಕೆಳಗೆ ಎಳೆದುಕೊಂಡು ಹೋದೆ. ಎರಡು ಪದಕ್ಕೂ ವೇಗ ಕೊಡುವ ಗೆರೆ ಅದೇ ಆಯಿತು, ಬೇರೆ ಬಾಣ, ಬೆಂಕಿ ಏನೂ ಬೇಕಾಗಲಿಲ್ಲ.

ನೆರಳನ್ನು ಎಡಕ್ಕೆ ಕೆಳಗೆ ಕೊಟ್ಟೆ. ಬಲಕ್ಕೆ ಕೊಟ್ಟರೆ ಅಷ್ಟು ಕಷ್ಟಪಟ್ಟು ಬಿಡಿಸಿದ ಒತ್ತಿನ ಸಂದಿ ಮತ್ತೆ ಮುಚ್ಚಿಹೋಗುತ್ತದೆ. ಔಟ್‌ಲೈನ್ ಈ ಸಲ ಕಪ್ಪು, ಅದೂ ತೆಳು. ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿದೆ. ಒತ್ತು ಬಿಡಿಯಾಗಿ ಕಂಡ ಮೇಲೆಯೇ ಕಳಿಸಿದ್ದು.

ಈ ಅಕ್ಷರ ಪಂದ್ಯದ ಹೆಸರಿಗೆ, ಜೆರ್ಸಿಯ ಬೆನ್ನಿಗೆ, ಬೈಕಿನ ಸ್ಟಿಕ್ಕರಿಗೆ, ಜ್ಯೂಸ್ ಅಂಗಡಿಯ ಬೋರ್ಡಿಗೆ ಒಪ್ಪುತ್ತದೆ. ಎರಡು ಮೂರು ಪದ ಸಾಕು. ಕೆಳಗಿನ ದಿನಾಂಕ, ಸ್ಥಳ, ಬಹುಮಾನದ ವಿವರ ನೆಟ್ಟಗಿನ ಸಾದಾ ಅಕ್ಷರದಲ್ಲೇ ಇರಲಿ, ಎಲ್ಲವೂ ವಾಲಿದರೆ ಯಾವುದೂ ಓಡುವುದಿಲ್ಲ. ಮದುವೆ ಕರೆಯೋಲೆಗೆ ಕೇಳಿದವರಿಗೆ ನೆಟ್ಟಗಿನದನ್ನೂ ಪಕ್ಕದಲ್ಲಿಟ್ಟು ತೋರಿಸುತ್ತೇನೆ. ಶ್ರದ್ಧಾಂಜಲಿ ಬ್ಯಾನರಿಗೆ ಮಾತ್ರ ಎಷ್ಟು ಕೇಳಿದರೂ ಹಾಕುವುದಿಲ್ಲ. ತೀರಿಹೋದವರ ಹೆಸರು ಸಮಾಧಾನವಾಗಿ ನಿಂತಿರಬೇಕು.

ಈಗ ಬಿಡುವಾದಾಗಲೆಲ್ಲ ಇಡೀ ವರ್ಣಮಾಲೆಯನ್ನೇ ಹೀಗೆ ಬರೆಯುತ್ತಿದ್ದೇನೆ. ವ್ಯಂಜನಗಳು ಮುಗಿದಿವೆ. ಗುಡಿಸು, ಕೊಂಬು ಕೂತಿವೆ. ಅರ್ಕಾವೊತ್ತು ಇನ್ನೂ ಹಿಡಿತಕ್ಕೆ ಬಂದಿಲ್ಲ. 'ಸ್ಪರ್ಧೆ' ಎಂದು ಬರೆದು ನಾಲ್ಕು ಸಲ ಅಳಿಸಿದ್ದೇನೆ, ಐದನೆಯದು ಗೋಡೆಯ ಮೇಲಿದೆ.