ಕುಳಿತಲ್ಲೇ ಬೀದಿ ಸುತ್ತಿ ಚಿತ್ರ ತೆಗೆಯುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಛಾಯಾಗ್ರಹಣ ಆಸಕ್ತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಚೆಗೆ ಬೇರೆ ಬಗೆಯ ಚಿತ್ರಗಳು ಹರಿದಾಡುತ್ತಿವೆ. ಚಿಲಿಯ ಮರುಭೂಮಿಯಲ್ಲೊಂದು ಬಸ್ ನಿಲ್ದಾಣ, ಮಂಗೋಲಿಯಾದ ಬಯಲಿನ ಒಂಟಿ ಮನೆ, ಐಸ್‌ಲ್ಯಾಂಡಿನ ಪುಟ್ಟ ಚರ್ಚು. ತೆಗೆದವರು ಊರು ಬಿಟ್ಟು ಕದಲಿಲ್ಲ. ಗೂಗಲ್ ಕಾರುಗಳು ಬೀದಿ ಬೀದಿ ಸುತ್ತಿ ತೆಗೆದ ಸುತ್ತುನೋಟದ ಚಿತ್ರಗಳಿರುವ ಗೂಗಲ್ ಮ್ಯಾಪ್ಸ್‌ನ ಸ್ಟ್ರೀಟ್ ವ್ಯೂನಲ್ಲಿ ಅಲೆದು, ಇಷ್ಟವಾದ ಕಡೆ ನಿಂತು ಸ್ಕ್ರೀನ್‌ಶಾಟ್ ತೆಗೆದಿದ್ದಾರೆ. ಹವ್ಯಾಸ ಸೊಗಸಾದದ್ದು. ಬೇಸರವೆಂದರೆ ಬಹುಪಾಲು ಚಿತ್ರಗಳಲ್ಲಿ ರಸ್ತೆಯ ಮೇಲೆ ಮುಂದೆ ಸಾಗಲು ಒತ್ತುವ ಬಿಳಿ ಬಾಣ ಹಾಗೇ ಉಳಿದಿರುತ್ತದೆ, ಕಟ್ಟಡಗಳು ಹಿಂದಕ್ಕೆ ವಾಲಿರುತ್ತವೆ, ಅರ್ಧ ಜಾಗವನ್ನು ಡಾಂಬರೇ ತುಂಬಿರುತ್ತದೆ. ಕಾರಿನ ಕ್ಯಾಮೆರಾ ಎಲ್ಲವನ್ನೂ ಸೆರೆಹಿಡಿಯುತ್ತದೆ, ಏನನ್ನೂ ಆರಿಸುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಬೆಳಕು ಬೇಕು, ನೋಟ ಎಷ್ಟು ಅಗಲವಿರಬೇಕು ಎಂಬುದನ್ನು ತೀರ್ಮಾನಿಸುವವರು ನೀವು.

ಇದು ಹೊತ್ತು ಕಳೆಯುವ ಆಟವೆಂದು ಮೂಗು ಮುರಿಯುವವರಿಗೆ ಎರಡು ಹೆಸರು ಹೇಳುತ್ತೇನೆ. ಜರ್ಮನಿಯ ಛಾಯಾಗ್ರಾಹಕ ಮೈಕಲ್ ವುಲ್ಫ್ ಕಂಪ್ಯೂಟರ್ ಪರದೆಯ ಮುಂದೆ ಕ್ಯಾಮೆರಾ ಇಟ್ಟು ಸ್ಟ್ರೀಟ್ ವ್ಯೂ ದೃಶ್ಯಗಳನ್ನು ತೆಗೆದರು. 2011ರ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯಲ್ಲಿ ಆ ಚಿತ್ರಗಳಿಗೆ ಗೌರವ ಉಲ್ಲೇಖ ಸಿಕ್ಕಿತು. ನ್ಯೂಜಿಲೆಂಡ್ ಮೂಲದ ಜಾಕಿ ಕೆನ್ನಿ ಅವರಿಗೆ ಅಗೋರಾಫೋಬಿಯಾ ಇದೆ. ಮನೆಯಿಂದ ದೂರ ಹೋಗುವುದೇ ಕಷ್ಟ. ಅವರು ಲಂಡನ್ನಿನ ಮನೆಯಲ್ಲಿ ಕುಳಿತು ಜಗತ್ತು ಸುತ್ತಿ ತೆಗೆದ ಚಿತ್ರಗಳನ್ನು ಒಮ್ಮೆ ಹುಡುಕಿ ನೋಡಿ. ಬೇಡವಾದದ್ದನ್ನು ಎಷ್ಟು ನಿಷ್ಠುರವಾಗಿ ಬಿಟ್ಟಿದ್ದಾರೆ ಎಂಬುದು ಅರ್ಥವಾಗುತ್ತದೆ.

ಮೊದಲ ಹಂತ ಸುಲಭ. ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ಮೂಲೆಯಲ್ಲಿರುವ ಹಳದಿ ಗೊಂಬೆಯನ್ನು ಹಿಡಿದು ನಕ್ಷೆಯ ಮೇಲೆ ಎಳೆಯಿರಿ. ನೀಲಿ ಗೆರೆ ಕಂಡಲ್ಲಿ ಕಾರು ಓಡಾಡಿದೆ. ನೀಲಿ ಚುಕ್ಕಿ ಕಂಡಲ್ಲಿ ಯಾರೋ ಸುತ್ತಲಿನ ನೋಟದ ಚಿತ್ರ ಹಾಕಿದ್ದಾರೆ. ಮೊಬೈಲಿನಲ್ಲಿ ಊರು ನೋಡಬಹುದು, ಚಿತ್ರ ತೆಗೆಯಬೇಡಿ. ಅಷ್ಟು ಸಣ್ಣ ಪರದೆಯಲ್ಲಿ ಅಂಚಿನ ತಪ್ಪುಗಳು ಕಾಣುವುದೇ ಇಲ್ಲ.

ಇನ್ನೊಂದು ಎಚ್ಚರಿಕೆ. ಆ್ಯಪ್ ಅಂಗಡಿಯಲ್ಲಿ ‘ನೇರ ಪ್ರಸಾರದ ಬೀದಿ ನೋಟ’, ‘ಉಪಗ್ರಹದಿಂದ ನಿಮ್ಮ ಮನೆ ಈಗಲೇ ನೋಡಿ’ ಎಂದು ಕೂಗುವ ಆ್ಯಪ್‌ಗಳು ರಾಶಿ ಬಿದ್ದಿವೆ. ಒಂದನ್ನೂ ಹಾಕಿಕೊಳ್ಳಬೇಡಿ. ಬೀದಿ ನೋಟ ಯಾವುದೂ ನೇರ ಪ್ರಸಾರವಲ್ಲ. ಎಲ್ಲವೂ ಎಂದೋ ತೆಗೆದ ಚಿತ್ರಗಳೇ. ಆ ಆ್ಯಪ್‌ಗಳು ಉಚಿತವಾಗಿ ಸಿಗುವ ನಕ್ಷೆಯನ್ನೇ ತೋರಿಸಿ, ನಡುನಡುವೆ ಜಾಹೀರಾತು ತುರುಕುತ್ತವೆ.

ಎಲ್ಲಿಗೆ ಹೋಗಬೇಕು? ಸ್ಟ್ರೀಟ್ ವ್ಯೂ ಶುರುವಾದದ್ದು 2007ರ ಮೇ ತಿಂಗಳಲ್ಲಿ, ಅಮೆರಿಕದ ಐದು ನಗರಗಳಲ್ಲಿ. ಬೆಂಗಳೂರಿಗೆ ಕಾರು 2011ರಲ್ಲೇ ಬಂದಿತ್ತು, ಪೊಲೀಸರು ತಡೆದರು. ಭಾರತದಲ್ಲಿ ಸೇವೆ ಮತ್ತೆ ತೆರೆದದ್ದು 2022ರ ಜುಲೈನಲ್ಲಿ, ಬೆಂಗಳೂರು ಸೇರಿ ಹತ್ತು ನಗರಗಳೊಂದಿಗೆ. ಹಾಗಾಗಿ ನಮ್ಮಲ್ಲಿ ಹಳೆಯ ಚಿತ್ರಗಳ ಸಂಗ್ರಹ ಕಡಿಮೆ. ಅಮೆರಿಕ, ಜಪಾನ್‌ಗಳಲ್ಲಿ ಒಂದೇ ಬೀದಿಯ ಹಲವು ವರ್ಷಗಳ ನೋಟ ಸಿಗುತ್ತದೆ. ದುರ್ಗದ ಬಂಡೆಗಳನ್ನು ನೋಡಿ ಬೆಳೆದವರು ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಿಂದ ಆರಂಭಿಸಲಿ ಎಂಬುದು ನನ್ನ ಸಲಹೆ. ಅಲ್ಲಿಯೂ ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು ಕುಳಿತಿವೆ. ಬಂಡೆಯ ಮೇಲೆ ಬೆಳಕು ಯಾವಾಗ ಚೆನ್ನ ಎಂಬುದು ನಿಮ್ಮ ಕಣ್ಣಿಗೆ ಮೊದಲೇ ಗೊತ್ತು.

ಬೆಳಕನ್ನು ಅಕ್ಷಾಂಶ ನೋಡಿ ಹುಡುಕಬೇಕು. ದಾವಣಗೆರೆ ಇರುವುದು ಸುಮಾರು 14 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಗೂ ಆಗಸ್ಟ್ ಮಧ್ಯಕ್ಕೂ ಮಧ್ಯಾಹ್ನದ ಸೂರ್ಯ ನಡುನೆತ್ತಿಗೆ ಬರುತ್ತಾನೆ, ನೆರಳು ಕಾಲಡಿ ಸೇರುತ್ತದೆ, ಗೋಡೆ ಕಂಬಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ. ಕಾರು ಓಡಾಡುವುದು ಹಗಲಿನಲ್ಲಿ, ನಿಮಗೆ ಬೇಕಾದ ಮುಂಜಾವಿಗಾಗಿ ಅದು ಕಾಯುವುದಿಲ್ಲ. ಐಸ್‌ಲ್ಯಾಂಡಿನ ರೇಕ್ಯವಿಕ್ 64 ಡಿಗ್ರಿ ಉತ್ತರದಲ್ಲಿದೆ. ಅಲ್ಲಿ ಜೂನ್ ತಿಂಗಳ ನಡುಮಧ್ಯಾಹ್ನದಲ್ಲೂ ಸೂರ್ಯ 50 ಡಿಗ್ರಿ ಎತ್ತರ ಮುಟ್ಟುವುದಿಲ್ಲ. ಬೆಳಕು ಓರೆಯಾಗಿ ಬಿದ್ದು ನೆರಳು ನೀಳವಾಗುತ್ತದೆ. ನಾರ್ವೆಯಲ್ಲೂ ಚಿಲಿಯ ದಕ್ಷಿಣ ತುದಿಯಲ್ಲೂ ಇದೇ ಅನುಕೂಲ. ಪರದೆಯಲ್ಲಿ ಚಿತ್ರದ ತಿಂಗಳು, ವರ್ಷ ಬರೆದಿರುತ್ತದೆ. ಪಕ್ಕದಲ್ಲಿ ಬೇರೆ ದಿನಾಂಕಗಳನ್ನು ನೋಡುವ ಕೊಂಡಿ ಇದ್ದರೆ ಒತ್ತಿ. ಅದೇ ತಿರುವು ಮೋಡದ ದಿನವೊಂದರಲ್ಲಿ ಸಪ್ಪೆಯಾಗಿದ್ದು, ಇನ್ನೊಂದು ವರ್ಷದ ಸಂಜೆಯಲ್ಲಿ ಬೆಳಗುತ್ತಿರಬಹುದು. 2014ರಿಂದ ಈ ಸೌಲಭ್ಯವಿದೆ, ಬಳಸುವವರು ಕಡಿಮೆ.

ಈಗ ಬಹುತೇಕರು ಕೆಡಿಸುವ ಹಂತ: ಚೌಕಟ್ಟು.

ಮೌಸ್ ಹಿಡಿದು ಎಳೆದಾಡುತ್ತ ‘ಸುಮಾರಾಗಿ ಸರಿಯಾಯಿತು’ ಎಂದು ನಿಲ್ಲಿಸಬೇಡಿ. ಬ್ರೌಸರಿನ ವಿಳಾಸ ಪಟ್ಟಿಯನ್ನು ನೋಡಿ. ಅಲ್ಲಿ ಅಕ್ಷಾಂಶ ರೇಖಾಂಶಗಳ ಬಳಿಕ ಅಲ್ಪವಿರಾಮಗಳ ನಡುವೆ ಕೆಲವು ಅಂಕಿಗಳಿವೆ. ಇಂಗ್ಲಿಷಿನ ವೈ ಅಕ್ಷರ ಅಂಟಿಕೊಂಡ ಅಂಕಿ ನೋಟದ ಅಗಲ, ಸಾಮಾನ್ಯವಾಗಿ 75. ಎಚ್ ಅಂಟಿಕೊಂಡದ್ದು ದಿಕ್ಕು: 0 ಉತ್ತರ, 90 ಪೂರ್ವ, 180 ದಕ್ಷಿಣ, 270 ಪಶ್ಚಿಮ. ಟಿ ಅಂಟಿಕೊಂಡದ್ದು ಓರೆ: 90 ಇದ್ದರೆ ಕ್ಯಾಮೆರಾ ನೆಲಕ್ಕೆ ಸಮಾನಾಂತರ, ಹೆಚ್ಚಾದರೆ ಆಕಾಶದತ್ತ, ಕಡಿಮೆಯಾದರೆ ನೆಲದತ್ತ. ಈ ಅಂಕಿಗಳನ್ನು ಅಲ್ಲಿಯೇ ತಿದ್ದಿ ಎಂಟರ್ ಒತ್ತಿದರೆ ನೋಟ ಬದಲಾಗುತ್ತದೆ.

ಮೊದಲು ಓರೆಯನ್ನು ಸರಿಯಾಗಿ 90ಕ್ಕೆ ತನ್ನಿ. 88 ಅಥವಾ 93 ಸಾಕೆಂದುಕೊಂಡರೆ ಕಂಬಗಳು ಒಳಕ್ಕೋ ಹೊರಕ್ಕೋ ವಾಲುತ್ತವೆ. ಕಟ್ಟಡದ ಚಿತ್ರ ಅಲ್ಲಿಗೆ ಕೆಟ್ಟಿತು. ‘90ಕ್ಕೆ ತಂದರೆ ಕಟ್ಟಡದ ತುದಿ ಕತ್ತರಿಸಿ ಹೋಗುತ್ತದೆ, ಕೆಳಗೆ ಬರೀ ರಸ್ತೆ’ ಎಂದು ಗೊಣಗುವವರಿದ್ದಾರೆ. ಅದಕ್ಕೆ ತಲೆ ಎತ್ತಿ ನೋಡುವುದು ಪರಿಹಾರವಲ್ಲ. ನೋಟದ ಅಗಲವನ್ನು 60ರಷ್ಟು ಇಟ್ಟು, ಕಟ್ಟಡದ ತುದಿ ಪರದೆಯೊಳಗೆ ಬರುವವರೆಗೆ ರಸ್ತೆಯಲ್ಲಿ ಹಿಂದೆ ಸರಿಯಿರಿ. ಬಳಿಕ ಸ್ಕ್ರೀನ್‌ಶಾಟ್ ತೆಗೆದು, ಕೆಳಗಿನ ಮೂರನೇ ಒಂದು ಭಾಗವನ್ನು ಕತ್ತರಿಸಿ ಹಾಕಿ. ಹಳೆಯ ಸ್ಟುಡಿಯೋಗಳ ಪೆಟ್ಟಿಗೆ ಕ್ಯಾಮೆರಾಗಳಲ್ಲಿ ಲೆನ್ಸನ್ನು ಮೇಲಕ್ಕೆ ಜಾರಿಸಿ ಮಾಡುತ್ತಿದ್ದ ಕೆಲಸ ಇದೇ: ಕಂಬ ನೆಟ್ಟಗೆ ನಿಲ್ಲುತ್ತದೆ, ತುದಿಯೂ ಉಳಿಯುತ್ತದೆ. ಬಾಣ, ರಸ್ತೆಯ ಹೆಸರುಗಳು ಇರುವುದು ಕೆಳಗಿನ ಡಾಂಬರಿನ ಮೇಲೆಯೇ ಆದ್ದರಿಂದ ಅವೂ ತೊಲಗುತ್ತವೆ.

ಇನ್ನು ಅಗಲ. 75ರಲ್ಲಿ ಅಂಚಿನ ವಸ್ತುಗಳು ಪಕ್ಕಕ್ಕೆ ಎಳೆದಂತಾಗುತ್ತವೆ, ದೂರದ ಬೆಟ್ಟ ಗುಬ್ಬಚ್ಚಿಯಂತೆ ಕುಗ್ಗುತ್ತದೆ. ನನಗೆ ಮೆಚ್ಚುಗೆಯಾಗುವುದು 30ರಿಂದ 40. ಬೆಟ್ಟ ಮುಂದೆ ಬರುತ್ತದೆ, ಮನೆಯೂ ಮರವೂ ಒಂದಕ್ಕೊಂದು ಹತ್ತಿರವಾಗುತ್ತವೆ. 25ಕ್ಕಿಂತ ಕೆಳಗೆ ಇಳಿಯಲೇಬೇಡಿ. ಈಚಿನ ಕಾರುಗಳ ಸುತ್ತುನೋಟದ ಚಿತ್ರ ಸುಮಾರು 16,000 ಪಿಕ್ಸೆಲ್ ಅಗಲವಿರುತ್ತದೆ. 360 ಡಿಗ್ರಿಗೆ ಹಂಚಿದರೆ ಡಿಗ್ರಿಗೆ ಸಿಗುವುದು ಸುಮಾರು 44 ಪಿಕ್ಸೆಲ್ ಮಾತ್ರ. ಅದಕ್ಕಿಂತ ಹತ್ತಿರಕ್ಕೆ ಎಳೆದರೆ ಇರುವುದನ್ನೇ ಹಿಗ್ಗಿಸಿದಂತೆ, ಹೊಸ ವಿವರ ಬರುವುದಿಲ್ಲ. ಮಸುಕಾದ ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ಚೂಪಾಗಿಸುವ ಆ್ಯಪ್‌ಗಳ ಮೊರೆ ಹೋಗುವುದು ಇನ್ನೂ ಕೆಟ್ಟದ್ದು. ಗೂಗಲ್ ಮಸುಕು ಮಾಡಿದ ಮುಖಕ್ಕೆ ಅವು ಇಲ್ಲದ ಕಣ್ಣು ಮೂಗು ಬರೆಯುತ್ತವೆ. ದೊಡ್ಡ ಚಿತ್ರ ಬೇಕಿದ್ದರೆ ಓರೆಯನ್ನು ಬದಲಿಸದೆ, ದಿಕ್ಕನ್ನಷ್ಟೇ ಸ್ವಲ್ಪ ಸ್ವಲ್ಪ ತಿರುಗಿಸಿ ಮೂರು ಸ್ಕ್ರೀನ್‌ಶಾಟ್ ತೆಗೆದು, ಹ್ಯೂಜಿನ್ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಿಸಿ.

ಉಳಿಸುವ ಮುನ್ನ ಅಂಚಿನಿಂದ ಅಂಚಿಗೆ ಕಣ್ಣಾಡಿಸಿ. ಹಲವು ಲೆನ್ಸ್‌ಗಳ ಚಿತ್ರಗಳನ್ನು ಹೊಲಿದು ಮಾಡಿದ ನೋಟವಿದು. ಹೊಲಿಗೆ ಬಿಟ್ಟಲ್ಲಿ ವಿದ್ಯುತ್ ತಂತಿ ತುಂಡಾಗಿರುತ್ತದೆ, ಸೈಕಲ್ಲಿಗೆ ಒಂದೇ ಚಕ್ರ ಉಳಿದಿರುತ್ತದೆ. ಹಾಗೆ ಕಂಡರೆ ತಿದ್ದಲು ಹೋಗದೆ ಒಂದು ಹೆಜ್ಜೆ ಮುಂದೆ ಅಥವಾ ಹಿಂದೆ ಹೋಗಿ; ಮುಂದಿನ ಚಿತ್ರದಲ್ಲಿ ಹೊಲಿಗೆ ಬೇರೆಡೆ ಬಿದ್ದಿರುತ್ತದೆ. ಸ್ಕ್ರೀನ್‌ಶಾಟ್‌ಗೆ ಎಫ್11 ಒತ್ತಿ ಪರದೆ ತುಂಬಿಸಿಕೊಳ್ಳಿ. ಜೊತೆಗೆ ಆ ಜಾಗದ ವಿಳಾಸದ ಕೊಂಡಿಯನ್ನೂ ಒಂದು ಕಡತದಲ್ಲಿ ಬರೆದಿಡಿ, ಇಲ್ಲವಾದರೆ ಅದೇ ತಿರುವಿಗೆ ಮರಳುವುದು ಅಸಾಧ್ಯ.

ಜನರಿರುವ ಚಿತ್ರಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬಿದ್ದವರು, ಕುಡಿದು ಮಲಗಿದವರು, ಅಳುವ ಮಕ್ಕಳು ಸಿಗುತ್ತಾರೆ, ತೆಗೆಯಬೇಡಿ. ಮುಖ ಮಸುಕಾಗಿದ್ದರೂ ಬಟ್ಟೆ, ಬೀದಿ ನೋಡಿ ಊರಿನವರು ಗುರುತಿಸುತ್ತಾರೆ. ಜಪಾನಿನಲ್ಲಿ ಕ್ಯಾಮೆರಾ ಬೇಲಿಯಾಚೆಯ ಅಂಗಳಕ್ಕೆ ಇಣುಕುತ್ತದೆ ಎಂದು ಜನ ದೂರಿದ ಮೇಲೆ, 2009ರಲ್ಲಿ ಅದನ್ನು 40 ಸೆಂಟಿಮೀಟರ್ ಕೆಳಗಿಳಿಸಲು ಗೂಗಲ್ ಒಪ್ಪಿತು. ನಿಮ್ಮದೇ ಮನೆಯನ್ನು ಮಸುಕು ಮಾಡಿಸಬೇಕಿದ್ದರೆ ಸಮಸ್ಯೆ ವರದಿ ಮಾಡುವ ಕೊಂಡಿಯಲ್ಲಿ ಕೇಳಬಹುದು, ಆದರೆ ಒಮ್ಮೆ ಮಸುಕಾದದ್ದು ಮತ್ತೆ ತಿಳಿಯಾಗುವುದಿಲ್ಲ. ಚಿತ್ರ ಹಂಚುವಾಗ ಮೂಲವನ್ನು ಬರೆಯಿರಿ. ಸ್ವಂತ ಕ್ಯಾಮೆರಾದ ಚಿತ್ರ ಕೇಳುವ ಸ್ಪರ್ಧೆಗೆ ಇವನ್ನು ಕಳಿಸಬೇಡಿ.

ಕೊನೆಯ ಹಂತ ನಮ್ಮ ಬೀದಿಗಳಿಗೆ ಸಂಬಂಧಿಸಿದ್ದು. ನೀಲಿ ಗೆರೆ ಇಲ್ಲದ ಓಣಿಯನ್ನು ನೀವೇ ಸೇರಿಸಬಹುದು. ಸ್ವೀಡನ್ನಿನಲ್ಲಿ 2013ರಲ್ಲಿ ಹುಟ್ಟಿ ಈಗ ಮೆಟಾ ಕಂಪನಿಯ ಕೈಯಲ್ಲಿರುವ ಮ್ಯಾಪಿಲರಿ ಎಂಬ ಬೀದಿ ಚಿತ್ರಗಳ ಬೇರೊಂದು ತಾಣದಲ್ಲಿ ಸಾಮಾನ್ಯ ಮೊಬೈಲಿನ ಚಿತ್ರಗಳೂ ಸಲ್ಲುತ್ತವೆ; ಮೂಲದ ಹೆಸರು ಹೇಳಿ, ಅದೇ ಮುಕ್ತ ಪರವಾನಗಿಯಲ್ಲಿ ಹಂಚಿದರೆ ಯಾರು ಬೇಕಾದರೂ ಅವನ್ನು ಬಳಸಬಹುದು. ಮೊಬೈಲನ್ನು ಅಡ್ಡಲಾಗಿ ಹಿಡಿಯಿರಿ. ಬೈಕಿನ ಹ್ಯಾಂಡಲ್‌ಗೆ ಹಾಕುವ ಅಗ್ಗದ ಪ್ಲಾಸ್ಟಿಕ್ ಹಿಡಿಕೆ ಬೇಡ, ನಡುಗಿ ಎಲ್ಲವೂ ಕಲಸಿಹೋಗುತ್ತದೆ, ನಡೆದೇ ಹೋಗಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗಳಿಂದ, ದುರ್ಗದಲ್ಲಿ ಕೋಟೆಗೆ ಏರುವ ಹಳೆಯ ಬೀದಿಗಳಿಂದ ಶುರುಮಾಡಿ. ಬೆಳಿಗ್ಗೆ ಎಂಟರೊಳಗೆ ಹೊರಡಿ. ಸೂರ್ಯ ಬೆನ್ನಿಗಿರುವಂತೆ ಪೂರ್ವದಿಂದ ಪಶ್ಚಿಮಕ್ಕೆ ನಡೆಯಿರಿ, ಮನೆಗೆ ಬಂದ ಮೇಲೆ ವೈಫೈನಲ್ಲಿ ಅಪ್‌ಲೋಡ್ ಮಾಡಿ.