‘ಸ್ಟ್ರೆಂಗ್ತನ್’ ಕ್ರಿಯಾಪದವನ್ನು ಸರಿಯಾಗಿ ಬಳಸುವುದು ಹೇಗೆ?

ಪರೀಕ್ಷೆಯ ಪ್ರಬಂಧದಿಂದ ಹಿಡಿದು ಕಚೇರಿಯ ಪತ್ರದವರೆಗೆ ಮತ್ತೆ ಮತ್ತೆ ಬೇಕಾಗುವ ಇಂಗ್ಲಿಷ್ ಕ್ರಿಯಾಪದಗಳಲ್ಲಿ ‘ಸ್ಟ್ರೆಂಗ್ತನ್’ ಕೂಡ ಒಂದು. ಬಲ ಹೆಚ್ಚುವುದು ಎಂಬ ಅರ್ಥ ಬಹುಮಂದಿಗೆ ಗೊತ್ತಿರುತ್ತದೆ; ತೊಡಕು ಎದುರಾಗುವುದು ಅದನ್ನು ವಾಕ್ಯದಲ್ಲಿ ಕೂರಿಸುವಾಗ.

ಮೊದಲು ಪದದ ರಚನೆಯನ್ನು ಗಮನಿಸಬೇಕು. ಡಾರ್ಕ್, ವೀಕ್, ವೈಡ್ ಎಂಬ ಗುಣವಾಚಕಗಳಿಗೆ ‘ಇ-ಎನ್’ ಪ್ರತ್ಯಯ ನೇರವಾಗಿ ಸೇರಿ ಡಾರ್ಕನ್, ವೀಕನ್, ವೈಡನ್ ಆಗುತ್ತವೆ. ಅನುನಾಸಿಕದಲ್ಲಿ ಮುಗಿಯುವ ಸ್ಟ್ರಾಂಗ್, ಲಾಂಗ್ ಪದಗಳಿಗೆ ಅದು ಹಾಗೆ ಸೇರುವುದಿಲ್ಲವಾದ್ದರಿಂದ ಸ್ಟ್ರೆಂಗ್ತ್, ಲೆಂಗ್ತ್ ಎಂಬ ನಾಮಪದಗಳಿಗೆ ಸೇರಿ ಸ್ಟ್ರೆಂಗ್ತನ್, ಲೆಂಗ್ತನ್ ಎಂಬ ರೂಪಗಳು ಬಂದಿವೆ. ಸ್ಟ್ರಾಂಗ್‌ನ ‘ಜಿ’ ಅಕ್ಷರ ಇಲ್ಲಿಯೂ ಉಳಿದಿದೆ ಎಂಬುದನ್ನು ನೆನಪಿಟ್ಟರೆ ಕಾಗುಣಿತ ತಪ್ಪುವುದಿಲ್ಲ.

ಎರಡನೆಯ ಹಂತವೇ ಮುಖ್ಯವಾದದ್ದು. ಕನ್ನಡದಲ್ಲಿ ‘ಬಲಪಡಿಸು’ ಬೇರೆ, ‘ಬಲಗೊಳ್ಳು’ ಬೇರೆ. ಇಂಗ್ಲಿಷಿನಲ್ಲಿ ಎರಡೂ ಕೆಲಸವನ್ನು ಈ ಒಂದೇ ಕ್ರಿಯಾಪದ ಮಾಡುತ್ತದೆ. ಊರಿನವರು ಕೆರೆಯ ಏರಿಯನ್ನು ಬಲಪಡಿಸಿದರು ಎನ್ನಲು ‘ದ ವಿಲೇಜರ್ಸ್ ಸ್ಟ್ರೆಂಗ್ತನ್ಡ್ ದ ಬಂಡ್’ ಎನ್ನಬೇಕು. ರೂಪಾಯಿ ಬಲಗೊಂಡಿತು ಎನ್ನಲು ‘ದ ರುಪೀ ಸ್ಟ್ರೆಂಗ್ತನ್ಡ್’ ಎಂದರೆ ಸಾಕು. ‘ಗೊಳ್ಳು’ ಎಂಬುದಕ್ಕೆ ಸಮನಾಗಿ ಏನಾದರೂ ಇರಲೇಬೇಕೆಂದು ಭಾವಿಸಿ ‘ಗಾಟ್ ಸ್ಟ್ರೆಂಗ್ತನ್ಡ್’ ಎಂದು ಬರೆಯುವ ರೂಢಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ್ದು, ಅದನ್ನು ಬಿಡುವುದೇ ಒಳ್ಳೆಯದು. ಸಂದೇಹ ಬಂದಾಗ, ಇದನ್ನು ಮಾಡಿದವರು ಯಾರು ಎಂದು ಕೇಳಿಕೊಳ್ಳಿ. ಮಾಡಿದವರಿದ್ದೂ ಅವರ ಹೆಸರು ವಾಕ್ಯದಲ್ಲಿ ಬೇಡವಾದರೆ ‘ದ ಬಂಡ್ ವಾಸ್ ಸ್ಟ್ರೆಂಗ್ತನ್ಡ್’ ಸರಿ. ತಾನಾಗಿ ನಡೆದದ್ದಾದರೆ ‘ವಾಸ್’ ಬೇಕಿಲ್ಲ. ರೂಪಾಯಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು: ಡಾಲರ್ ಬೆಲೆ 86 ರೂಪಾಯಿಯಿಂದ 85ಕ್ಕೆ ಇಳಿದರೆ ಅಂಕಿ ಕಡಿಮೆಯಾದರೂ ರೂಪಾಯಿ ಬಲಗೊಂಡಿದೆ ಎಂದೇ ಅರ್ಥ.

ಮುಂದೆ, ಹತ್ತಿರದ ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಆಧಾರವಾಗಿ ಏನನ್ನಾದರೂ ಹೊಸದಾಗಿ ಸೇರಿಸಿ ಬಲ ಕೊಟ್ಟರೆ ‘ರೀಇನ್‌ಫೋರ್ಸ್’. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ಕೂರಿಸುವ ಕೆಲಸಕ್ಕೆ ಇದೇ ಪದ. ಮನೆ ಕಟ್ಟುವವರೆಲ್ಲ ದಿನವೂ ಹೇಳುವ ‘ಆರ್‌ಸಿಸಿ’ಯ ಮೊದಲ ಅಕ್ಷರ ಅದರದ್ದು. ಕೋಟೆಯನ್ನು ಭದ್ರಪಡಿಸುವುದಕ್ಕೂ ಆಹಾರಕ್ಕೆ ಪೋಷಕಾಂಶ ಸೇರಿಸುವುದಕ್ಕೂ ‘ಫಾರ್ಟಿಫೈ’ ಸಲ್ಲುತ್ತದೆ. ಎ ಮತ್ತು ಡಿ ಜೀವಸತ್ವ ಸೇರಿಸಿದ ಹಾಲಿನ ಪ್ಯಾಕೆಟ್ಟಿನ ಮೇಲೆ ಕಾಣುವ ‘ಪ್ಲಸ್ ಎಫ್’ ಗುರುತಿನಲ್ಲಿರುವ ‘ಎಫ್’ ಈ ಪದದ್ದೇ. ತೀವ್ರತೆ ಏರುವುದಕ್ಕೆ ‘ಇಂಟೆನ್ಸಿಫೈ’ ಎನ್ನುತ್ತಾರೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಚಂಡಮಾರುತವಾಗಿ ಮಾರ್ಪಟ್ಟಾಗ ಹವಾಮಾನ ಇಲಾಖೆಯ ಇಂಗ್ಲಿಷ್ ಪ್ರಕಟಣೆ ಬಳಸುವ ಪದ ಇದು. ಅಲ್ಲಿ ‘ಸ್ಟ್ರೆಂಗ್ತನ್’ ತಪ್ಪೇನಲ್ಲ. ಆದರೆ ಹಲ್ಲುನೋವು ಜೋರಾಯಿತು ಎನ್ನುವಾಗ ‘ಸ್ಟ್ರೆಂಗ್ತನ್’ ಹೊಂದುವುದಿಲ್ಲ, ‘ಇಂಟೆನ್ಸಿಫೈ’ ಎಂದೇ ಬರೆಯಬೇಕು.

ಕೊನೆಯದಾಗಿ, ಈ ಕ್ರಿಯಾಪದದ ಹಿಂದೆ ‘ಮೇಕ್’, ಮುಂದೆ ‘ಅಪ್’ ಅಥವಾ ‘ಮೋರ್ ಸ್ಟ್ರಾಂಗ್’ ಸೇರಿಸಬೇಡಿ. ಬಲ ಹೆಚ್ಚುವ ಅರ್ಥ ಅದರೊಳಗೇ ಇದೆ. ಸಂಬಂಧ, ವಾದ, ಕಾನೂನು, ಸ್ನಾಯು ಇವೆಲ್ಲದರ ಜೊತೆ ಇದನ್ನು ಧೈರ್ಯವಾಗಿ ಬಳಸಬಹುದು.