ಒಂದೇ ಕೈಯಲ್ಲಿ ಹತ್ತು: ಚೆಂಗ್ಡುವಿನ ಶಾಲೆಯಲ್ಲಿ ನನ್ನ ಮೊದಲ ದಿನ

ನಾನು ಇಂಗ್ಲಿಷ್ ಕಲಿಸಲು ಚೀನಾದ ಚೆಂಗ್ಡುವಿಗೆ ಹೋದಾಗ, ಮೂರನೇ ತರಗತಿಯ ನಲವತ್ತೆಂಟು ಮಕ್ಕಳ ಬಾಯಿ ಬಿಡಿಸಲು ಮೊದಲ ದಿನವೇ ಸಾಕು, ಕಾಸು ಖರ್ಚಿಲ್ಲ ಎಂದರೆ ಆಗ ಯಾರೂ ನಂಬಿರಲಿಲ್ಲ. ಬಹುಮಾನ ಹಂಚದೆ ವಿದೇಶಿ ಶಿಕ್ಷಕರ ಮಾತನ್ನು ಮಕ್ಕಳು ಕೇಳುವುದೇ ಇಲ್ಲ ಎಂದು ನನಗಿಂತ ಮೊದಲು ಅಲ್ಲಿಗೆ ಹೋದವರೆಲ್ಲ ಹೇಳಿದ್ದರು. ಈಗ ಅವರಲ್ಲೇ ಇಬ್ಬರು ನನ್ನ ವಿಧಾನವನ್ನು ಕೇಳಿ ಬರೆಸಿಕೊಂಡಿದ್ದಾರೆ.

ವೀಸಾ, ಪದವಿ ಪತ್ರದ ದೃಢೀಕರಣ, ಪೊಲೀಸ್ ಪ್ರಮಾಣಪತ್ರ ಇವುಗಳ ಪಾಡು ಹೋದವರಿಗೆಲ್ಲ ಗೊತ್ತೇ ಇದೆ, ಬಿಡಿ. ಅಲ್ಲಿ ಶಾಲೆಗಳು ಸಾಮಾನ್ಯವಾಗಿ ಸೆಪ್ಟೆಂಬರ್ 1ಕ್ಕೆ ಆರಂಭ. 2018ರಲ್ಲಿ ಅದು ಶನಿವಾರ ಬಿದ್ದಿದ್ದರಿಂದ ನನ್ನ ಮೊದಲ ದಿನ 3ನೇ ತಾರೀಕು, ಸೋಮವಾರ. ಬೆಳಿಗ್ಗೆ ಧ್ವಜಾರೋಹಣ, ಕೆಂಪು ಕೊರಳವಸ್ತ್ರ ಕಟ್ಟಿದ ಮಕ್ಕಳ ಸಾಲು, ಆಮೇಲೆ ನೇರ ತರಗತಿಗೆ.

ಅಷ್ಟರಲ್ಲಿ ನನ್ನ ಕೈಯಿಂದ ಸುಮಾರು 1,500 ಯುವಾನ್ ಹೋಗಿತ್ತು, ಆಗಿನ ಲೆಕ್ಕದಲ್ಲಿ ಹದಿನೈದು ಸಾವಿರ ರೂಪಾಯಿ. ಚಿತ್ರದ ಕಾರ್ಡುಗಳು, ಸ್ಟಿಕ್ಕರ್‌ಗಳು, ಚನ್ನಪಟ್ಟಣದ ಗೊಂಬೆಗಳು, ಜೊತೆಗೆ ಅಲ್ಲಿನ ಶಿಕ್ಷಕರು ‘ಪುಟ್ಟ ಜೇನುನೊಣ’ ಎನ್ನುವ, ಸೊಂಟಕ್ಕೆ ಕಟ್ಟಿಕೊಳ್ಳುವ ಸ್ಪೀಕರ್. ಮೊದಲ ತರಗತಿಯಲ್ಲಿ ಎಲ್ಲವನ್ನೂ ಹರಡಿದೆ. ಮಕ್ಕಳು ಎದ್ದು ನಿಂತು ಒಕ್ಕೊರಲಿನಿಂದ ‘ಲಾವ್‌ಶಿ ಹಾವ್’, ಅಂದರೆ ‘ಟೀಚರ್, ನಮಸ್ಕಾರ’ ಎಂದರು, ಕುಳಿತರು, ಅಷ್ಟೇ. ಭಾರತದ ಭೂಪಟಕ್ಕೂ ಆನೆಯ ಚಿತ್ರಕ್ಕೂ ಮೌನ. ಗೊಂಬೆ ಹೊರಗೆ ಬಂದದ್ದೇ ತಡ, ಗದ್ದಲ. ಹದಿನೈದನೇ ನಿಮಿಷಕ್ಕೆ ಹಿಂದೆ ನಿಂತಿದ್ದ ಬಾನ್‌ಜುರೆನ್, ಅಂದರೆ ಆ ತರಗತಿಯ ಹೊಣೆ ಹೊತ್ತ ಶಿಕ್ಷಕಿ, ಮೇಜು ಕುಟ್ಟಬೇಕಾಯಿತು. ಉಳಿದ ಇಪ್ಪತ್ತೈದು ನಿಮಿಷ ನಾನೊಬ್ಬಳೇ ಮಾತಾಡಿದೆ. ಆ ಸಂಕಟ ನನಗೆ ಇನ್ನೂ ನೆನಪಿದೆ.

ದಾರಿ ತೋರಿಸಿದ್ದು ಕಣ್ಣಿನ ವ್ಯಾಯಾಮ. ಬೆಳಗಿನ ವಿರಾಮದಲ್ಲಿ ಧ್ವನಿವರ್ಧಕದಿಂದ ಸಂಗೀತ ಬಂತು. ಮಕ್ಕಳೆಲ್ಲ ಕಣ್ಣು ಮುಚ್ಚಿ ಹುಬ್ಬಿನ ತುದಿ, ಮೂಗಿನ ಬುಡ ಒತ್ತಿಕೊಳ್ಳತೊಡಗಿದರು. ಒಂದರಿಂದ ಎಂಟು, ಮತ್ತೆ ಒಂದರಿಂದ ಎಂಟು. ಇಡೀ ತರಗತಿಗೆ ಉಸಿರಾಟದಷ್ಟು ಸಲೀಸಾದ ಎಣಿಕೆ ಅದು. ಅದನ್ನೇ ಹಿಡಿಯಬೇಕು ಎನ್ನಿಸಿತು.

ಅದಕ್ಕೆ ಹಿಂದಿನ ವಾರ ತರಕಾರಿ ಮಾರುವಾಕೆ ಹೆಬ್ಬೆರಳು, ತೋರುಬೆರಳು ಎತ್ತಿ ತೋರಿಸಿದಾಗ ಎರಡು ಯುವಾನ್ ಕೊಟ್ಟಿದ್ದೆ. ಆಕೆ ಕೇಳಿದ್ದು ಎಂಟು. ಅಲ್ಲಿ ಒಂದೇ ಕೈಯಲ್ಲಿ ಹತ್ತರವರೆಗೆ ತೋರಿಸುತ್ತಾರೆ. ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು. ಮೂರು ಬೆರಳ ತುದಿ ಕೂಡಿಸಿದರೆ ಏಳು. ತೋರುಬೆರಳು ಕೊಕ್ಕೆಯಾದರೆ ಒಂಬತ್ತು. ಚೆಂಗ್ಡುವಿನಲ್ಲಿ ಇದು ಬರೀ ರೂಢಿಯಲ್ಲ: ಪುಸ್ತಕದ ಚೀನೀ ಭಾಷೆಯಲ್ಲಿ ನಾಲ್ಕಕ್ಕೆ ‘ಸ’, ಹತ್ತಕ್ಕೆ ‘ಶ’, ಅಲ್ಲಿನ ಮನೆಮಾತಿನಲ್ಲಿ ಎರಡೂ ‘ಸ’ವೇ, ಏರಿಳಿತ ಮಾತ್ರ ಬೇರೆ. ಗದ್ದಲದಲ್ಲಿ ಬೆರಳೇ ಆಧಾರ.

ಮುಂದಿನ ತರಗತಿಗೆ ಬರಿಗೈಯಲ್ಲಿ ಹೋದೆ. ಮಾತಾಡದೆ ಆರನ್ನು ತಪ್ಪಾಗಿ ತೋರಿಸಿದೆ. ತಿದ್ದಲು ಹತ್ತಾರು ಕೈಗಳು ಮೇಲೆದ್ದವು. ಅವರು ತೋರಿಸಿದಂತೆ ಸರಿಪಡಿಸಿಕೊಂಡು, ‘ಸಿಕ್ಸ್’ ಎಂದೆ. ಅವರೂ ಎಂದರು. ಆಮೇಲೆ ನನ್ನ ಅಜ್ಜಿ ಎಣಿಸುತ್ತಿದ್ದ ರೀತಿ: ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಿಸಿ ಒಂದೇ ಕೈಯಲ್ಲಿ ಹನ್ನೆರಡು! ಹತ್ತು ದಾಟಿದ್ದನ್ನು ಕಂಡು ಹಿಂದಿನ ಬೆಂಚಿನವರು ಎದ್ದು ನಿಂತರು. ‘ಇಲೆವೆನ್’, ‘ಟ್ವೆಲ್ವ್’ ಎರಡನ್ನೂ ಅವರೇ ಕೇಳಿ ಪಡೆದರು. ನಲವತ್ತೆಂಟರಲ್ಲಿ ನಲವತ್ತು ಮಕ್ಕಳಾದರೂ ಆ ದಿನ ಬಾಯಿ ಬಿಟ್ಟಿರಬೇಕು. ಬಾನ್‌ಜುರೆನ್ ತಾವೂ ಗೆಣ್ಣು ಎಣಿಸುತ್ತಿದ್ದರು. ನಲವತ್ತು ನಿಮಿಷ ಮುಗಿದದ್ದೇ ತಿಳಿಯಲಿಲ್ಲ.

ಆಮೇಲೆ ಇದೇ ಜಾಡಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ‘ಬುಕ್’ ಎನ್ನಲು ಆ ಮಕ್ಕಳು ಕೊನೆಗೊಂದು ಸ್ವರ ಸೇರಿಸುತ್ತಾರೆ, ನಾವು ‘ಬುಕ್ಕು’, ‘ಬಸ್ಸು’ ಎಂದಂತೆಯೇ. ಕನ್ನಡದವಳಾದ್ದರಿಂದ ಆ ಬಾಲ ಎಲ್ಲಿ ಹುಟ್ಟುತ್ತದೆಂದು ನನ್ನ ನಾಲಿಗೆಗೇ ಗೊತ್ತು. ತುಟಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿಸಿ ಅರ್ಧ ಯಶಸ್ಸು ಕಂಡೆ. ಉಳಿದರ್ಧಕ್ಕೆ ಬೇರೊಂದು ಉಪಾಯವಿದೆ. ಅದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂದೇ ವಾರದಲ್ಲಿ ಅಷ್ಟೂ ಹೆಸರು ನೆನಪಿಟ್ಟುಕೊಂಡದ್ದು ಹೇಗೆ ಎಂಬುದನ್ನೂ ಅಷ್ಟೇ.

ಕನ್ನಡದ ‘ಏಳು’ ಕಲಿಸಲು ಹೋಗಿ ಮಾತ್ರ ಸೋತೆ. ‘ಳ’ ಯಾರ ನಾಲಿಗೆಗೂ ಹತ್ತಲಿಲ್ಲ.

ಸ್ಪೀಕರನ್ನು ವರ್ಷದ ಕೊನೆಗೆ ಅರ್ಧ ಬೆಲೆಗೆ ಮಾರಿದೆ. ಗೊಂಬೆಗಳು ಶಿಕ್ಷಕರ ಕೊಠಡಿಯ ಕಿಟಕಿಯಲ್ಲಿ ಉಳಿದವು. ಆ ಸೋಮವಾರ ಮಧ್ಯಾಹ್ನ ಊಟದ ಸಾಲಿನಲ್ಲಿ, ತರಗತಿಯಲ್ಲಿ ತುಟಿ ಬಿಚ್ಚದಿದ್ದ ಹುಡುಗಿಯೊಬ್ಬಳು ನನ್ನ ಪಕ್ಕ ಬಂದು ನಿಂತಳು. ತಟ್ಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೆಬ್ಬೆರಳನ್ನು ಒಂದೊಂದೇ ಗೆಣ್ಣಿನ ಮೇಲೆ ಇಡುತ್ತ ಹನ್ನೆರಡರವರೆಗೂ ಇಂಗ್ಲಿಷಿನಲ್ಲೇ ಎಣಿಸಿದಳು.